ಓಡಲು ಬಂದವರಿಗೆ ಹಾಕಿದ ಕುರ್ಚಿ

ವಡೋದರಾದ ಗೋರ್ವಾದಲ್ಲಿ ಪಂಪು ತಯಾರಿಸುವ ಕಂಪನಿಯೊಂದರ ಡ್ರಾಯಿಂಗ್ ವಿಭಾಗಕ್ಕೆ ಸೇರಿದಾಗ ನನಗೆ ಇಪ್ಪತ್ತನಾಲ್ಕು ವರ್ಷ. ರಾಣೆಬೆನ್ನೂರಿನಿಂದ ಹೋದವನು, ಹಿಂದಿ ಅರ್ಧ ಬರುತ್ತಿತ್ತು, ಗುಜರಾತಿ ಅದರ ಅರ್ಧ. ಮೊಬೈಲು ಇನ್ನೂ ದೊಡ್ಡ ಸಾಹೇಬರ ಸೊಂಟದಲ್ಲಿ ಮಾತ್ರ ಇದ್ದ ಕಾಲ ಅದು. ಊರಿಂದ ಅಪ್ಪನ ಫೋನು ಬಂದರೆ ಅದು ಕಂಪನಿಯ ಟೆಲಿಫೋನ್ ಬೋರ್ಡಿಗೆ ಬಂದು, ಅಲ್ಲಿಂದ ಆಪರೇಟರು ನನ್ನ ಮೇಜಿಗೆ ಜೋಡಿಸಬೇಕು.

ಆ ಆಪರೇಟರಿಗೆ ಹುಟ್ಟಿನಿಂದಲೇ ಕಣ್ಣು ಕಾಣುತ್ತಿರಲಿಲ್ಲ. ಮೂವತ್ತಾರು ಮೂವತ್ತೇಳರ ಗುಜರಾತಿ ಮನುಷ್ಯ, ಎತ್ತರದ ಆಳು, ನಾಲಿಗೆ ಬಹಳ ಹರಿತ. ನಾನು ಸೇರಿದ ಮೂರನೆಯ ದಿನ ಅವರ ಕೋಣೆಯ ಮುಂದೆ ಹಾದು ಹೋಗುವಾಗ, "ಏ ಕರ್ನಾಟಕ, ನಿನ್ನ ಎಡಗಾಲಿನ ಚಪ್ಪಲಿ ಬಾಯಿ ಬಿಟ್ಟಿದೆ, ಹೊಲಿಸಿಕೋ" ಅಂದಿದ್ದರು. ನಾನು ಅವರನ್ನು ಭಾಯ್ ಅನ್ನುತ್ತಿದ್ದೆ. ಅವರು ಕೊನೆಯವರೆಗೂ ನನ್ನನ್ನು ಕರ್ನಾಟಕ ಅಂತಲೇ ಕರೆದರು.

ಒಂದು ಚಳಿಗಾಲದಲ್ಲಿ ನಮ್ಮ ಸಿಬ್ಬಂದಿ ಅಧಿಕಾರಿ ಕ್ಯಾಂಟೀನಿನ ಗೋಡೆಗೆ ಒಂದು ಕಾಗದ ಅಂಟಿಸಿದರು. ವಡೋದರಾದಲ್ಲಿ ಐದು ಕಿಲೋಮೀಟರಿನ ಸಹಾಯಾರ್ಥ ಓಟ, ಅಂಧ ಮಕ್ಕಳ ವಸತಿಶಾಲೆಗೆ ಹೊಸ ಕಟ್ಟಡ ಕಟ್ಟಿಸಲು. ಕಂಪನಿಯ ತಂಡ ಓಡಬೇಕು, ಹೆಸರು ಕೊಡಿ. ಊಟದ ಮೇಜಿನಲ್ಲಿ ಯಾರೋ ಅದನ್ನು ಗಟ್ಟಿಯಾಗಿ ಓದಿದರು. ಭಾಯ್ ರೊಟ್ಟಿ ಮುರಿಯುತ್ತಾ, "ನನ್ನ ಹೆಸರೂ ಬರೆಯಿರಿ" ಅಂದರು. ಮೇಜಿನವರೆಲ್ಲ ನಕ್ಕರು. ಅವರು ನಗಲಿಲ್ಲ.

"ಅಂಥದ್ದೇ ಶಾಲೆಯಲ್ಲಿ ಒಂಬತ್ತು ವರ್ಷ ಇದ್ದೆ," ಅಂದರು. "ಯಾರದಾದರೂ ಹುಟ್ಟುಹಬ್ಬ, ಯಾರದಾದರೂ ತಿಥಿ ಬಂದರೆ ಬಾಳೆಹಣ್ಣು ಹಂಚಲು ಬರುತ್ತಿದ್ದರು. ಬಂದವರ ಮುಂದೆ ಸಾಲಾಗಿ ನಿಂತು ಹಾಡಬೇಕಿತ್ತು. ಜ್ವರ ಇದ್ದರೂ ಹಾಡಬೇಕು. ಒಂದು ಸಲವಾದರೂ ಆ ಕಡೆ ನಿಂತು ನೋಡಬೇಕು ಅಂತ ಆಸೆ ನನಗೆ, ಕೊಡುವವರ ಕಡೆ."

ಆಮೇಲೆ ಯಾರೂ ನಗಲಿಲ್ಲ. "ನಾನು ನಿಮ್ಮ ಜೊತೆ ಓಡುತ್ತೇನೆ" ಅಂತ ನಾನು ಹೇಳಿದೆ. ಹೇಳಿಬಿಟ್ಟೆ ಅನ್ನಬೇಕು, ಓಡಿ ಎಷ್ಟೋ ವರ್ಷವಾಗಿತ್ತು.

ಕೊನೆಗೆ ತಂಡದಲ್ಲಿ ನಾಲ್ಕು ಜನ ಉಳಿದೆವು. ಭಾಯ್, ನಾನು, ಸ್ಟೋರ್ಸಿನ ಡೊಳ್ಳುಹೊಟ್ಟೆಯ ಗುಮಾಸ್ತರು, ಮತ್ತು ಡಿಸ್ಪ್ಯಾಚಿನಲ್ಲಿ ಚಲನ್ ಬರೆಯುತ್ತಿದ್ದ ಒಬ್ಬ ಹೆಂಗಸು, ಅಲ್ಲಿಯ ರೂಢಿಯಂತೆ ಎಲ್ಲರೂ ಆಕೆಯನ್ನು ಬೆನ್, ಅಂದರೆ ಅಕ್ಕ, ಅನ್ನುತ್ತಿದ್ದರು. ಆಕೆ ಸಲ್ವಾರಿನ ಮೇಲೆ ಸ್ವೆಟರ್ ಹಾಕಿಕೊಂಡು ಬಿಳಿ ಕ್ಯಾನ್ವಾಸ್ ಬೂಟಿನಲ್ಲಿ ಓಡುತ್ತಿದ್ದರು, ಎಲ್ಲರಿಗಿಂತ ನಿಧಾನ. ಬೆಳಿಗ್ಗೆ ಆರಕ್ಕೆ ಕಂಪನಿ ಗೇಟಿನ ಮುಂದೆ ಸೇರಿ, ಕಾರ್ಖಾನೆಗಳ ನಡುವಿನ ರಸ್ತೆಯಲ್ಲಿ ಲಾರಿಗಳು ಏಳುವ ಮುಂಚೆ ಓಡಿ ಮುಗಿಸುತ್ತಿದ್ದೆವು. ಗುಮಾಸ್ತರಿಗೆ ಓಟಕ್ಕಿಂತ ಆಮೇಲೆ ತಿನ್ನುವ ಕಡಲೆಹಿಟ್ಟಿನ ಫಾಫಡಾ, ಹಸಿಮೆಣಸಿನಕಾಯಿ ಮುಖ್ಯ.

ಭಾಯ್ ಮನೆಯಿಂದ ಪೈಜಾಮದ ಒಂದು ಲಾಡಿ ತಂದಿದ್ದರು. ಅದರ ಒಂದು ತುದಿ ಅವರ ಬಲ ಮಣಿಕಟ್ಟಿಗೆ, ಇನ್ನೊಂದು ನನ್ನ ಎಡ ಮಣಿಕಟ್ಟಿಗೆ. ಮೊದಲ ವಾರ ಇಬ್ಬರೂ ಬಿದ್ದೆವು. ತಪ್ಪು ಭಾಷೆಯದು. ಗುಜರಾತಿಯಲ್ಲಿ ಡಾಬೇ ಅಂದರೆ ಎಡಕ್ಕೆ, ಹಿಂದಿಯಲ್ಲಿ ದಾಯೇಂ ಅಂದರೆ ಬಲಕ್ಕೆ. ಓಡುತ್ತಾ ಏದುಸಿರಿನಲ್ಲಿ ನಾನು ಒಂದನ್ನು ಹೇಳಹೋಗಿ ಇನ್ನೊಂದನ್ನು ಹೇಳಿದೆ. ಅವರು ನೇರ ನನ್ನ ಮೈಮೇಲೆ ತಿರುಗಿದರು, ಇಬ್ಬರೂ ಚರಂಡಿಯ ಪಕ್ಕದ ಮರಳಿನ ಗುಡ್ಡೆಗೆ ಹೋಗಿ ಬಿದ್ದೆವು. ಎದ್ದು ಮರಳು ಕೊಡವಿಕೊಂಡು, "ನಿನ್ನ ಭಾಷೆಯಲ್ಲಿ ಏನನ್ನುತ್ತಾರೆ?" ಅಂತ ಕೇಳಿದರು. ಅವತ್ತಿನಿಂದ ನಮ್ಮ ಓಟ ಕನ್ನಡದಲ್ಲಿ ನಡೆಯಿತು. ಎಡ, ಬಲ, ಗುಂಡಿ, ಏರು, ನಾಯಿ. ಐದೇ ಶಬ್ದ ಸಾಕಾದವು.

ಎರಡು ತಿಂಗಳಲ್ಲಿ ಐದು ಕಿಲೋಮೀಟರನ್ನು ನಾವಿಬ್ಬರೂ ಮೂವತ್ತೆರಡು ನಿಮಿಷಕ್ಕೆ ಮುಗಿಸುವ ಹಾಗಾದೆವು. ಕೊನೆಯ ಇನ್ನೂರು ಗಜ ಅವರೇ ನನ್ನನ್ನು ಎಳೆಯುತ್ತಿದ್ದರು. ನನ್ನ ಉಸಿರು ಕೇಳಿಯೇ "ಇನ್ನೂ ಇದೆ ನಿನ್ನ ಹತ್ತಿರ, ಸುಳ್ಳು ಹೇಳಬೇಡ" ಅನ್ನುತ್ತಿದ್ದರು. ಓಟಕ್ಕೆಂದು ಕಂಪನಿ ಹೊಲಿಸಿದ ಬಣ್ಣದ ಅಂಗಿ ಬಂದಾಗ, ಎದೆಯ ಮೇಲಿನ ಕಂಪನಿ ಹೆಸರಿನ ಉಬ್ಬು ಅಕ್ಷರಗಳನ್ನು ಬೆರಳಿನಿಂದ ಎರಡು ಸಲ ಮುಟ್ಟಿ ನೋಡಿದ್ದರು.

ಓಟದ ಭಾನುವಾರ ಬೆಳಿಗ್ಗೆ ನಾವು ನಾಲ್ವರೂ ಆರೂವರೆಗೇ ಮೈದಾನದಲ್ಲಿದ್ದೆವು. ಶಾಮಿಯಾನ, ವೇದಿಕೆ, ಕಿವಿ ಹರಿಯುವ ಸ್ಪೀಕರು. ಶಾಲೆಯ ಮಕ್ಕಳನ್ನು ವೇದಿಕೆಯ ಪಕ್ಕ ಜಮಖಾನದ ಮೇಲೆ ಕೂರಿಸಿದ್ದರು. ಅವರೂ ಹಾಡುತ್ತಿದ್ದರು. ಭಾಯ್ ಒಂದು ಗಳಿಗೆ ನಿಂತು ಕೇಳಿದರು. ನಾನು ಲಾಡಿ ಕಟ್ಟಿದೆ. ನಂಬರಿನ ಬಟ್ಟೆಗೆ ಪಿನ್ನು ಹಾಕಿದೆ. ಓಟದ ಗೆರೆಗೆ ಬಂದು ನಿಂತೆವು.

ಆಗ ಬ್ಯಾಡ್ಜು ಹಾಕಿಕೊಂಡ ಸಂಘಟಕರೊಬ್ಬರು ಓಡೋಡಿ ಬಂದರು, ಹಿಂದೆ ನಮ್ಮ ಸಿಬ್ಬಂದಿ ಅಧಿಕಾರಿ. ಸಂಘಟಕರು ನನ್ನ ಮುಖ ನೋಡಿ, "ಇವರನ್ನು ವೇದಿಕೆಗೆ ಕರೆದುಕೊಂಡು ಬನ್ನಿ, ಮುಖ್ಯ ಅತಿಥಿಗಳ ಪಕ್ಕ ಕುರ್ಚಿ ಹಾಕಿಸಿದ್ದೇನೆ" ಅಂದರು.

"ನಾನು ಓಡುತ್ತೇನೆ," ಅಂದರು ಭಾಯ್.

ಆ ಮನುಷ್ಯ ಮತ್ತೆ ನನ್ನನ್ನೇ ನೋಡುತ್ತಾ, "ಇಷ್ಟು ಜನರ ನಡುವೆ ಬಿದ್ದರೆ ಯಾರು ಜವಾಬ್ದಾರಿ? ಇದು ಇವರಿಗಾಗಿಯೇ ನಡೆಸುತ್ತಿರುವ ಓಟ ಅಲ್ಲವಾ?" ಅಂದರು.

"ಎರಡು ತಿಂಗಳಿಂದ ಓಡುತ್ತಿದ್ದೇವೆ ಸಾಹೇಬರೇ," ಅಂದೆ. "ನಮ್ಮ ಅಧಿಕಾರಿಗಳಿಗೆ ಗೊತ್ತು."

ಅಧಿಕಾರಿಗೆ ಗೊತ್ತಿತ್ತು. ನಾವು ಓಡುವುದನ್ನು ಗೇಟಿನ ಹತ್ತಿರ ನಿಂತು ನೋಡಿ ಚಪ್ಪಾಳೆ ತಟ್ಟಿದ್ದ ಮನುಷ್ಯ ಅವರು. ಈಗ ಗಡಿಯಾರ ನೋಡಿಕೊಂಡು, "ಹೋಗಲಿ ಬಿಡಪ್ಪಾ, ದೊಡ್ಡವರು ಹೇಳುತ್ತಿದ್ದಾರೆ. ವೇದಿಕೆ ಮೇಲೆ ಕೂತರೆ ಕಂಪನಿಗೂ ಒಳ್ಳೆಯದೇ, ಪೇಪರಿನವರು ಬಂದಿದ್ದಾರೆ. ನೀನು ಲಾಡಿ ಬಿಚ್ಚು, ಓಟ ಶುರುವಾಗುತ್ತೆ" ಅಂದರು.

ಭಾಯ್ ನನ್ನ ಕಡೆ ಮುಖ ತಿರುಗಿಸಿ, ಅಷ್ಟು ಗದ್ದಲದಲ್ಲೂ ಮೆಲ್ಲಗೆ, "ಬಿಚ್ಚಬೇಡ" ಅಂದರು.

ನಾನು ಬಿಚ್ಚಿದೆ.

ಬೇರೆ ಯಾರೂ ಬಿಚ್ಚಲಿಲ್ಲ, ಯಾರೂ ನನ್ನ ಕೈ ಹಿಡಿದು ಬಿಚ್ಚಿಸಲಿಲ್ಲ. ನಾನು ಹಾಕಿದ ಗಂಟನ್ನು ನನ್ನ ಉಗುರಿನಿಂದ ನಾನೇ ಬಿಚ್ಚಿದೆ. ಸರ್ವಿಸು ಖಾಯಂ ಆಗಿರಲಿಲ್ಲ, ಹಿಂದೆ ನಿಂತವರು ನೂಕುತ್ತಿದ್ದರು, ಮೇಲಧಿಕಾರಿ ಎದುರಿಗಿದ್ದರು. ಆಮೇಲೆ ಎಷ್ಟೋ ದಿನ ಈ ಕಾರಣಗಳನ್ನು ಒಂದೊಂದಾಗಿ ಹೇಳಿಕೊಂಡಿದ್ದೇನೆ. ಒಂದೂ ಸಾಲುವುದಿಲ್ಲ. ಇಬ್ಬರು ಸ್ವಯಂಸೇವಕರು ಅವರ ಎರಡೂ ರಟ್ಟೆ ಹಿಡಿದು ಕರೆದುಕೊಂಡು ಹೋದರು. ಬಿಟ್ಟರೆ ಎಲ್ಲಿಗಾದರೂ ಓಡಿಹೋಗುತ್ತಾರೇನೋ ಅನ್ನುವ ಹಾಗೆ ಹಿಡಿದಿದ್ದರು.

ಸೀಟಿ ಊದಿದರು. ಡಿಸ್ಪ್ಯಾಚಿನ ಬೆನ್ ಅಲ್ಲೇ ನಿಂತರು. ಎದೆಯ ನಂಬರು ಬಿಚ್ಚಿ ಮಡಚಿ ಕೈಯಲ್ಲಿ ಹಿಡಿದುಕೊಂಡು, ಜನರ ಹರಿವಿಗೆ ಎದುರಾಗಿ ವೇದಿಕೆಯ ಕಡೆ ನಡೆದರು. ನನ್ನನ್ನು ಕರೆಯಲೂ ಇಲ್ಲ. ನಾನು ಓಡಿದೆ.

ಅವತ್ತಿನ ಹಾಗೆ ನಾನು ಯಾವತ್ತೂ ಓಡಿಲ್ಲ. ಹಲ್ಲು ಕಚ್ಚಿಕೊಂಡು, ಆ ಬ್ಯಾಡ್ಜಿನ ಮನುಷ್ಯನಿಗೆ, ಅಧಿಕಾರಿಗೆ, ಕನ್ನಡದಲ್ಲಿ ಬರುವ ಬೈಗುಳವನ್ನೆಲ್ಲ ಬೈಯುತ್ತಾ ಓಡಿದೆ. ಸಿಟ್ಟು ಮುಗಿಯುವ ಮೊದಲೇ ರಸ್ತೆ ಮುಗಿದುಹೋಯಿತು. ಇಪ್ಪತ್ತಾರು ನಿಮಿಷ. ಯಾರೋ ಬೆನ್ನು ತಟ್ಟಿ ಕೈಗೆ ಗ್ಲೂಕೋಸಿನ ನೀರು ಕೊಟ್ಟರು. ಅದನ್ನು ಹಾಗೇ ಕೆಳಗಿಟ್ಟು ವೇದಿಕೆಯ ಕಡೆ ನಡೆದೆ.

ಓಟ ಮುಗಿದ ಮೇಲೆ ಭಾಷಣಗಳು. ಭಾಯ್ ಮಡಿಲಲ್ಲಿ ಹೂಗುಚ್ಛ ಇಟ್ಟುಕೊಂಡು ಮೂರನೆಯ ಕುರ್ಚಿಯಲ್ಲಿ ಕೂತಿದ್ದರು. ನಿರೂಪಕರು, "ಈಗ ನಮ್ಮ ಅಂಧ ಬಂಧುಗಳ ಪರವಾಗಿ ಕೃತಜ್ಞತೆಯ ಎರಡು ಮಾತು" ಅಂತ ಮೈಕನ್ನು ಅವರ ಕೈಗಿಟ್ಟರು. ಅವರು ಎದ್ದು, ಹೂವನ್ನು ಕುರ್ಚಿಯ ಮೇಲೆ ಇಟ್ಟರು. ದಿನಕ್ಕೆ ನೂರಾರು ಜನರ ಜೊತೆ ಮಾತಾಡುವ ಗಂಟಲು ಅದು. ಅಷ್ಟು ದೊಡ್ಡ ಮೈದಾನ ಸುಮ್ಮನಾಯಿತು.

"ನಾನು ಓಡಲು ಬಂದಿದ್ದೆ," ಅಂದರು. "ನನ್ನ ಎದೆಯ ಮೇಲೆ ನಂಬರಿದೆ, ಕಣ್ಣಿರುವವರು ಓದಿಕೊಳ್ಳಿ. ಎರಡು ತಿಂಗಳು ದಿನಾ ಬೆಳಿಗ್ಗೆ ಓಡಿದ್ದೇನೆ. ಇಲ್ಲಿ ನನ್ನನ್ನು ಕೂರಿಸಿದರು. ನನ್ನನ್ನು ಕೇಳಲಿಲ್ಲ. ಕೃತಜ್ಞತೆ ಹೇಳು ಅಂದಿದ್ದಾರೆ. ನಾನು ಹೇಳುವುದಿಲ್ಲ."

ಜನ ಚಪ್ಪಾಳೆ ತಟ್ಟಿದರು.

ಇವತ್ತಿಗೂ ನನ್ನ ಮೈ ಉರಿಯುವುದು ಅದನ್ನು ನೆನೆದರೆ. ಹೇಳಿದ್ದು ಗುಜರಾತಿಯಲ್ಲಿ, ಕೇಳಿದವರೂ ಗುಜರಾತಿಗಳೇ. ಆದರೂ ಅವರ ಕಿವಿಗೆ ಬಿದ್ದದ್ದು ತಾವು ಕೇಳಲು ಬಂದಿದ್ದ ಮಾತೇ. ನನ್ನ ಪಕ್ಕದ ಹೆಂಗಸು ಕಣ್ಣು ಒರೆಸಿಕೊಂಡು, "ಎಷ್ಟು ಚೆನ್ನಾಗಿ ಮಾತಾಡುತ್ತಾರೆ ಪಾಪ" ಅಂದರು. ಮುಖ್ಯ ಅತಿಥಿಗಳು ಅವರ ಕೈ ಕುಲುಕಿದರು. ಪೇಪರಿನವರು ಫೋಟೋ ಹೊಡೆದುಕೊಂಡರು. ಅರ್ಥ ಮಾಡಿಕೊಂಡವರು ಬ್ಯಾಡ್ಜಿನವರು ಮತ್ತು ನಮ್ಮ ಅಧಿಕಾರಿ, ಇಬ್ಬರೇ. ಮೈಕು ಕಿತ್ತುಕೊಂಡು ಸ್ಪೀಕರಿನಲ್ಲಿ ಭಜನೆ ಹಾಕಿದರು.

ಸೋಮವಾರ ಭಾಯ್‌ಗೆ ಮೆಮೊ ಬಂತು. ಗಣ್ಯರ ಎದುರು ಅಸಭ್ಯ ವರ್ತನೆ, ಹೂಗುಚ್ಛ ಎಸೆದದ್ದು, ಕಂಪನಿಯ ಹೆಸರಿಗೆ ಮಸಿ. ಅಧಿಕಾರಿ ನನ್ನನ್ನು ಕರೆದು ಒಂದು ಬಿಳಿ ಹಾಳೆ ಮುಂದಿಟ್ಟರು.

"ನೀನು ಸಾಕ್ಷಿ. ಹೂವು ಎಸೆದರು ಅಂತ ಬರೆದು ಸಹಿ ಮಾಡು."

"ಎಸೆಯಲಿಲ್ಲ. ಕುರ್ಚಿ ಮೇಲೆ ಇಟ್ಟರು," ಅಂದೆ.

"ಎರಡೂ ಒಂದೇ."

"ಒಂದೇ ಅಲ್ಲ ಸರ್. ನಾನು ಸಹಿ ಮಾಡುವುದಿಲ್ಲ."

ಆ ಕೋಣೆಯಿಂದ ಹೊರಬಂದಾಗ ಏನೋ ಸಾಧಿಸಿದ ಹಾಗೆ ಅನಿಸಿತ್ತು. ಡಿಸ್ಪ್ಯಾಚಿಗೆ ಹೋಗಿ ನೋಡಿದರೆ, ಆ ಬೆನ್ ನಡೆದದ್ದನ್ನೆಲ್ಲ ಗುಜರಾತಿಯಲ್ಲಿ ಎರಡು ಪುಟ ಬರೆದು, ಯಾರೂ ಕೇಳದೆ ಇದ್ದರೂ, ಮ್ಯಾನೇಜಿಂಗ್ ಡೈರೆಕ್ಟರರ ಕಚೇರಿಗೆ ಆಗಲೇ ಕೊಟ್ಟುಬಂದಿದ್ದರು. ಆಕೆಯ ಸರ್ವಿಸೂ ಖಾಯಂ ಆಗಿರಲಿಲ್ಲ. ಮೆಮೊ ಅಲ್ಲಿಗೇ ನಿಂತಿತು. ಯಾರೂ ತಪ್ಪಾಯಿತು ಅನ್ನಲಿಲ್ಲ, ಕಾಗದವನ್ನು ವಾಪಸು ಪಡೆಯಲೂ ಇಲ್ಲ.

ಭಾಯ್ ನನ್ನ ಜೊತೆ ಮಾತು ಬಿಟ್ಟರು. ಅಪ್ಪನ ಫೋನು ಬಂದರೆ "ಲೈನಿನಲ್ಲಿರಿ" ಅಂತ ಜೋಡಿಸುತ್ತಿದ್ದರು. ನನ್ನನ್ನು ಬಹುವಚನದಲ್ಲಿ ಕರೆಯಲು ಶುರುಮಾಡಿದ್ದರು. ಅವರ ಸಿಟ್ಟು ಸಂಘಟಕರ ಮೇಲೆ, ಅದು ಇಳಿದ ಮೇಲೆ ಸರಿಹೋಗುತ್ತಾರೆ ಅಂತ ನನ್ನ ಲೆಕ್ಕ. ಮೂರು ವಾರವಾದರೂ ಸರಿಹೋಗಲಿಲ್ಲ. ಒಂದು ಮಧ್ಯಾಹ್ನ ಅವರ ಕೋಣೆಗೇ ಹೋಗಿ ನಿಂತೆ.

"ಭಾಯ್, ತಪ್ಪು ಮಾಡಿದವರು ಆ ಸಂಘಟಕರು. ನನ್ನ ಮೇಲೆ ಯಾಕೆ?"

ಅವರು ಕಿವಿಯ ಹೆಡ್‌ಫೋನು ತೆಗೆದರು. "ಅವರಿಗೆ ನಾನು ಯಾರು ಅಂತ ಗೊತ್ತಿರಲಿಲ್ಲ," ಅಂದರು. "ನಿನಗೆ ಗೊತ್ತಿತ್ತು."

 ಬೋರ್ಡಿನಲ್ಲಿ ಗಂಟೆ ಬಡಿಯಿತು, ಅವರು ಹೆಡ್‌ಫೋನು ಹಾಕಿಕೊಂಡರು. ನಾನು ಬಾಗಿಲ ಹತ್ತಿರ ಬಂದಾಗ, "ಕ್ಷಮಿಸಿ ಭಾಯ್" ಅಂದೆ. "ಕೆಲಸ ಇದೆ ಈಗ" ಅಂದರು. ಆದರೆ ಆಗ 'ನಿನಗೆ' ಅಂದಿದ್ದರು, ಏಕವಚನಕ್ಕೆ ಮರಳಿದ್ದನ್ನು ಗಮನಿಸಿದೆ.

ಹೋಳಿ ಕಳೆದ ಮೇಲೆ ಬೆಳಗಿನ ಓಟ ಮತ್ತೆ ಶುರುವಾಯಿತು, ಗುಮಾಸ್ತರು ಮಾತ್ರ ಬಿಟ್ಟುಬಿಟ್ಟಿದ್ದರು. ಈ ಸಲ ಅವರ ಜೊತೆಗಾರ್ತಿ ಡಿಸ್ಪ್ಯಾಚಿನ ಬೆನ್. ಆಕೆ ನಿಧಾನ, ಭಾಯ್‌ಗೆ ತಾಳ್ಮೆಯಿಲ್ಲ, ದಾರಿಯುದ್ದಕ್ಕೂ ಜಗಳವಾಡುತ್ತಲೇ ಓಡುತ್ತಿದ್ದರು. ನಾನೂ ಹೋದೆ, ಯಾರೂ ಬಾ ಅನ್ನಲಿಲ್ಲ, ಬೇಡ ಅನ್ನಲೂ ಇಲ್ಲ. ಸ್ವಲ್ಪ ಹಿಂದೆ ಓಡುತ್ತಿದ್ದೆ. ಮುಂದಿನ ವರ್ಷದ ಓಟಕ್ಕೆ ಮತ್ತೆ ಕಾಗದ ಬಂದಾಗ, ಅದರಲ್ಲಿ ಅಂಧರಿಗೆ ಹಗ್ಗ ಹಿಡಿದು ನಡೆಯುವ ನೂರು ಮೀಟರಿನ ಪ್ರತ್ಯೇಕ ಕಾರ್ಯಕ್ರಮ ಇತ್ತು. ಬೆನ್ ಓದಿ ಹೇಳಿದರು. ಭಾಯ್ ಕೇಳಿಸಿಕೊಂಡು, ಆ ಕಾಗದವನ್ನು ಚಹಾದ ಕಪ್ಪಿನ ಕೆಳಗೆ ಇಡಲು ಹೇಳಿದರು. ನಮ್ಮ ಮೂವರಲ್ಲಿ ಯಾರೂ ಹೆಸರು ಕೊಡಲಿಲ್ಲ.

ಅದೇ ವರ್ಷ ನನಗೆ ಅಹಮದಾಬಾದಿನ ನರೋಡಾದಲ್ಲಿ ಬೇರೆ ಕೆಲಸ ಸಿಕ್ಕಿತು. ಅಲ್ಲಿಯೂ ಒಂದು ಸಲ ಇಂಥದ್ದೇ ಓಟ, ಇಂಥದ್ದೇ ಅಂಗಿ, ಕ್ಯಾನ್ಸರಿನ ರೋಗಿಗಳಿಗಾಗಿ. ಹೆಸರು ಬರೆದುಕೊಳ್ಳಲು ಬಂದವರನ್ನು, "ರೋಗಿಗಳನ್ನು ಎಲ್ಲಿ ಕೂರಿಸುತ್ತೀರಿ?" ಅಂತ ಕೇಳಿದೆ. ಅವರು ಸಂತೋಷದಿಂದ, "ವೇದಿಕೆ ಮೇಲೆ, ಮುಂದಿನ ಸಾಲಿನಲ್ಲೇ" ಅಂದರು. ನನ್ನ ದನಿ ಏರಿತು. ಇಡೀ ಡ್ರಾಯಿಂಗ್ ವಿಭಾಗ ತಿರುಗಿ ನೋಡಿತು. ಒಳ್ಳೆಯ ಕೆಲಸಕ್ಕೆ ಇವನಿಗೇಕೆ ಇಷ್ಟು ಸಿಟ್ಟು ಅಂತ ಅವರಿಗೆ ಅರ್ಥವಾಗಲಿಲ್ಲ. ಅವರಿಗೆ ಹೇಳಬೇಕೆಂದರೆ ಆ ಗಂಟು ಬಿಚ್ಚಿದ್ದು ಯಾರು ಅನ್ನುವುದನ್ನೂ ಹೇಳಬೇಕಿತ್ತು.  ಡ್ರಾಯಿಂಗ್ ಬೋರ್ಡಿನ ಕಡೆ ತಿರುಗಿ ಕೆಲಸ ಮುಂದುವರಿಸಿದೆ.