ಕಾಕಿಯ ಎಡ ಹುಬ್ಬು

ಬಾಜೂಮನೆ ಕಾಕಿಯ ಬಲ ಹುಬ್ಬು ದಟ್ಟ, ನರೆತದ್ದು. ಎಡಗಡೆ ಹುಬ್ಬೇ ಇರಲಿಲ್ಲ, ನುಣ್ಣಗೆ ಹೊಳೆಯುವ ಚರ್ಮ ಅಷ್ಟೇ. ಮದುವೆ, ತೊಟ್ಟಿಲು ಅಂದರೆ ಅಲ್ಲೊಂದು ಕಾಡಿಗೆಯ ಗೆರೆ ತೀಡಿಕೊಳ್ಳುತ್ತಿದ್ದಳು. ಆ ಗೆರೆ ಯಾವತ್ತೂ ಒಂಚೂರು ಮೇಲೆ. ಹಾಗಾಗಿ ನೀವು ಹೇಳಿದ ರೇಟನ್ನು ನಂಬದವಳ ಹಾಗೆ ಕಾಣುತ್ತಿದ್ದಳು.

ರಕ್ತಸಂಬಂಧವಲ್ಲ. ಶಹಾಬಾದಿನಲ್ಲಿ ನಮ್ಮಿಬ್ಬರ ಮನೆಗೂ ನಡುವೆ ಒಂದೇ ಕಲ್ಲುಗೋಡೆ. ವಾಡಿ, ಸೇಡಂ ಸಂತೆ ತಿರುಗಿ ಸ್ಟೀಲ್ ಪಾತ್ರೆ ಮಾರಿ ಅಂಗಡಿ ಕಟ್ಟಿದವಳು ನಾನು. ಚೌಕಾಸಿಯಲ್ಲಿ ನನ್ನನ್ನು ಸೋಲಿಸಿದ್ದು ಕಾಕಿ ಒಬ್ಬಳೇ. 'ರೀ' ಹಚ್ಚಿ ಮಾತಾಡಿಸಿದರೆ ಸಿಟ್ಟಾಗುತ್ತಿದ್ದಳು.

ಅವಳ ಸಿಲಿಂಡರ್ ಹಿತ್ತಲಲ್ಲಿತ್ತು. ಅದರ ರಬ್ಬರ್ ಪೈಪು ಒಲೆಗೆ ಬರುತ್ತಿದ್ದದ್ದು ಅಡುಗೆಮನೆ ಮೋರಿಯ ನೀರು ಹೊರಗೆ ಹೋಗುವ ತೂತಿನಿಂದ. ಕಲ್ಲುಗೋಡೆಗೆ ಇನ್ನೊಂದು ತೂತು ಕೊರೆಸುವುದು ಯಾರಿಗೆ ಬೇಕು? ಓಣಿಯ ಎಷ್ಟೋ ಮನೆಗಳಲ್ಲಿ ಹಾಗೇ ಇತ್ತು.

"ಕಾಕಿ, ಪೈಪಿಗೆ ಮ್ಯಾಲ ಬ್ಯಾರೆ ತೂತ ಹಾಕ್ಸು. ಕೊರಿಯೋ ಮಷೀನಿನವನ ಕೂಡ ನಾ ಮಾತಾಡ್ತೀನಿ, ಅರ್ಧಕ್ಕ ಇಳಸ್ತೀನಿ."

"ಇದ್ದ ತೂತ ಬಿಟ್ಟು ಅರ್ಧಾದ್ರೂ ಯಾಕ ಕೊಡ್ಲಿ? ನೀರ ಹೊರಗ ಹೋಗ್ತದ, ಗ್ಯಾಸ್ ಒಳಗ ಬರ್ತದ. ಇಬ್ರೂ ಜಗಳ ಆಡ್ಯಾರೇನ?"

ಆ ಚೌಕಾಸಿಯಲ್ಲೂ ಗೆದ್ದದ್ದು ಅವಳೇ.

ಒಂದು ಮುಂಜಾನೆ ನಾನು ಬಚ್ಚಲಲ್ಲಿ ಹಂಡೆಯ ಒಲೆಗೆ ಕಟ್ಟಿಗೆ ಇಟ್ಟು ಕೂತಿದ್ದೆ. ಏನೋ ವಾಸನೆ, ಗಟಾರದ್ದು ಅಂದುಕೊಂಡೆ. ಹೆಪ್ಪಿಗೆ ಮೊಸರು ಕೇಳಲು ವಾಟಿ ಹಿಡಿದು ಬಂದ ಕಾಕಿ ಬಾಗಿಲಲ್ಲೇ ಚೀರಿದಳು:

"ಗ್ಯಾಸ್ ನಾರ್ಲಿಕತ್ತದ! ಕಡ್ಡಿ ಕೊರೀಬ್ಯಾಡ!"

ಕೊರೆದಾಗಿತ್ತು. ನನ್ನ ಜಡೆ ಹಿಡಿದೆಳೆದು ಅಂಗಳಕ್ಕೆ ಒಗೆದಳು. ಬಚ್ಚಲ ತೂತಿನಿಂದ ನೀಲಿ ಬೆಂಕಿ ಭಗ್ಗೆಂದು ಎದ್ದು ಅವಳ ಮುಖ ಸವರಿತು. ಹೊರಗೆ ಗಟಾರದ ಮೇಲೆ ಹಾಸಿದ್ದ ಪರಸಿಕಲ್ಲು, ಇಬ್ಬರು ಗಂಡಸರು ಎತ್ತುವಂಥದ್ದು, ರೊಟ್ಟಿ ಉಬ್ಬಿದಂತೆ ಎದ್ದು ಬಿತ್ತು.

"ಜಡಿ ಕಿತ್ತೇನ?" ಅಂದಳು ಕಾಕಿ. ಅವಳ ಎಡ ಹುಬ್ಬು ಸುಟ್ಟ ಕಮಟು ನನಗೇ ಬಡಿಯುತ್ತಿತ್ತು.

ಒಳಗೆ ಓಡಿ ನನ್ನ ಸಿಲಿಂಡರ್ ನೋಡಿದೆ. ಬಂದ್ ಇತ್ತು! ಹಾಗಾದರೆ ಎಲ್ಲಿಯದು? ಕಾಕಿ ತನ್ನ ಹಿತ್ತಲಿಗೆ ಓಡಿದಳು, ನಾನು ಹಿಂದೆ. ಮೋರಿಯ ತೂತಿನೊಳಗೆ ಪೈಪು ಉರಿಯುತ್ತಿತ್ತು. ಸಿಲಿಂಡರ್ ಬಂದ್ ಮಾಡಿ, ಉರಿ ಆರಿದ ಮೇಲೆ ಪೈಪು ಹೊರಗೆಳೆದಳು. ಉಳಿದ ತುಂಡಿನ ಮೇಲೆ ಹೆಗ್ಗಣದ ಹಲ್ಲಿನ ಗುರುತು.

"ನನ್ನ ಗ್ಯಾಸ್... ನಿನ್ನ ಬಚ್ಚಲಾಗ? ನಮ್ಮ ಅಡಗಿಮನ್ಯಾಗ ವಾಸ್ನಿನೇ ಇಲ್ಲಲ್ಲ!"

ಅದೇ ನೋಡಿ ಇಂದಿಗೂ ನನ್ನನ್ನು ಕಾಡುವುದು. ಕುಡಿಯುವ ನೀರು ಪೈಪು ತುಂಬಿ ಒತ್ತಿಕೊಂಡು ಬರುತ್ತದೆ. ಹೊಲಸು ನೀರು ಇಳಿಜಾರಿನಲ್ಲಿ ಸಾಗುತ್ತದೆ. ಅದರ ಹಾದಿ ಅರ್ಧ ಖಾಲಿ. ಸಿಲಿಂಡರಿನ ಗ್ಯಾಸ್ ಗಾಳಿಗಿಂತ ಭಾರ. ಸೋರಿದರೆ ತಗ್ಗು ಹುಡುಕಿ ಇಳಿಯುತ್ತದೆ. ಆ ಖಾಲಿ ಅರ್ಧದಲ್ಲಿ ಅದು ಗಟಾರ ಹಿಡಿದು ಗೋಡೆ ದಾಟಿ ನನ್ನ ಬಚ್ಚಲಿಗೆ ಬಂದಿತ್ತು. ನೀರು ನಿಲ್ಲುವ ಬಾಗಿದ ಪೈಪು ಇದ್ದಿದ್ದರೆ ತಡೆಯುತ್ತಿತ್ತೇನೋ. ಇಬ್ಬರ ಮನೆಯಲ್ಲೂ ಇರಲಿಲ್ಲ. ಕುಡಿಯುವ ನೀರು, ಹೊಲಸು ನೀರು, ಗ್ಯಾಸ್, ಮೂರಕ್ಕೂ ಬೇರೆ ಬೇರೆ ಹಾದಿ ಮಾಡಿಸಿ. ಮಿಕ್ಕ ಎಲ್ಲದರಲ್ಲೂ ಚೌಕಾಸಿ ಮಾಡಿ, ಇದರಲ್ಲಿ ಬೇಡ.

ಕಾಕಿ ಆ ವಾರವೇ ತೂತು ಕೊರೆಸಿದಳು, ಮಷೀನಿನವನು ಕೇಳಿದಷ್ಟು ಕೊಟ್ಟು. ನಾನು ದಂಗಾದೆ. ಆಮೇಲೆ ಅವನನ್ನೇ ಕರೆದುಕೊಂಡು ಓಣಿಯ ಮನೆಮನೆಗೂ ಹೋದಳು. ಯಾರಾದರೂ "ನೋಡೋಣಂತ ಕಾಕಿ" ಅಂದರೆ ಸೆರಗು ಸರಿಸಿ ಮುಖ ಮುಂದೆ ಚಾಚುತ್ತಿದ್ದಳು:

"ನೋಡು, ಈಗೇ ನೋಡು. ನಿನ್ನ ಹುಬ್ಬು ಭಾಳ ಚಂದ ಅವ."

ಹೋದ ಚಳಿಗಾಲ ಕಾಕಿ ತೀರಿಕೊಂಡಳು. ಮೈ ತೊಳೆದು, ವಿಭೂತಿ ಹಚ್ಚಿ ಕೂಡಿಸಿದ್ದರು. ಅವಳ ಮಗಳನ್ನು ಕೇಳಿ ಕಾಡಿಗೆ ಡಬ್ಬಿ ತಂದೆ. ಇವತ್ತಾದರೂ ಸರಿಸಮ ಬರಲಿ ಅಂತ ಬೆರಳು ಇಟ್ಟೆ. ಮನಸ್ಸು ಒಪ್ಪಲಿಲ್ಲ. ಒಂಚೂರು ಮೇಲೇ ತೀಡಿದೆ.