ತೊಂಬತ್ತೆರಡು ಪರ್ಸೆಂಟ್ ಹೊಂದಿಕೆ

ಆಫೀಸಿನಲ್ಲಿ ಅವನನ್ನು ಎಲ್ಲರೂ ಹದ್ದು ಎಂದೇ ಕರೆಯುತ್ತಿದ್ದರು. ಕದ್ದ ಸಿನಿಮಾ, ಕದ್ದ ಹಾಡು ಇಂಟರ್ನೆಟ್ಟಿನ ಯಾವ ಮೂಲೆಯಲ್ಲಿ ಅಡಗಿದ್ದರೂ ಹಿಡಿದು ತೆಗೆಸುವುದು ಅವನ ಕೆಲಸ. ಹಿಡಿಯುವುದು ಅವನಲ್ಲ ಬಿಡಿ, ಯಂತ್ರ. ಪ್ರತಿ ಹಾಡಿಗೂ ಬೆರಳಚ್ಚಿನಂಥ ಗುರುತು ಮಾಡಿಟ್ಟುಕೊಂಡು, ಜನ ಹಾಕಿದ ವಿಡಿಯೊಗಳಲ್ಲಿ ಅದನ್ನು ಹುಡುಕಿ, ಇಷ್ಟು ಪರ್ಸೆಂಟ್ ಹೊಂದಿಕೆ ಎಂದು ತೋರಿಸುತ್ತದೆ. ವಿಡಿಯೊ ತೆರೆದು ನೋಡಿ, ಹೌದೆನಿಸಿದರೆ ‘ತೆಗೆಯಿರಿ’ ಎಂದು ಒತ್ತಬೇಕಾದವನು ಮನುಷ್ಯ. ದಿನಕ್ಕೆ ಎರಡು ಸಾವಿರ ಬಂದರೆ ಯಾವ ಮಹಾನುಭಾವ ತೆರೆದು ನೋಡುತ್ತಾನೆ? ತೊಂಬತ್ತು ದಾಟಿದ್ದನ್ನೆಲ್ಲ ಇಡೀ ಪುಟಕ್ಕೆ ಗುರುತು ಹಾಕಿ ಒಂದೇ ಸಲ ಒತ್ತುವುದು ಅಲ್ಲಿನ ರೂಢಿ. ಅದರಲ್ಲಿ ಅವನದು ಎತ್ತಿದ ಕೈ.

ಅಕ್ಕನ ಮಗಳು ಒಂಬತ್ತು ವರ್ಷಕ್ಕೇ ಜ್ವರದಲ್ಲಿ ತೀರಿಕೊಂಡಾಗ ಅಕ್ಕನ ಫೋನಿನಲ್ಲಿ ಅವಳ ಹದಿನೇಳು ವಿಡಿಯೊ ಇದ್ದವು. ಅಡುಗೆಮನೆಯಲ್ಲಿ ಸೌಟು ಹಿಡಿದು, ಟೀವಿ ಹಾಡಿಗೆ ದನಿಗೂಡಿಸಿ ಕುಣಿದವೇ ಹೆಚ್ಚು.

“ಫೋನ್ ಇವತ್ತಿರುತ್ತೆ, ನಾಳೆ ಕೆಡುತ್ತೆ. ಆನ್‌ಲೈನಲ್ಲಿ ಹಾಕಿಡ್ತೀನಿ, ಅಲ್ಲಿ ಭದ್ರ,” ಎಂದು ಅವನೇ ಒಂದು ಚಾನೆಲ್ ತೆರೆದ. ನೆಂಟರಿಷ್ಟರೂ ನೋಡಲಿ ಎಂದು ಬೀಗ ಹಾಕಲಿಲ್ಲ. ಅಕ್ಕನಿಗೆ ಈಮೇಲ್ ಗೀಮೇಲ್ ಗೊತ್ತಿಲ್ಲವೆಂದು ತನ್ನ ಆಫೀಸಿನ ವಿಳಾಸವನ್ನೇ ಕೊಟ್ಟ. ಹಿಂದೆ ಹಾಡುತ್ತಿದ್ದ ಟೀವಿ, ಊರವರ ಕಳ್ಳತನ ಹಿಡಿಯುವ ಈ ಜಾಣನ ಕಿವಿಗೆ ಬೀಳಲೇ ಇಲ್ಲ.

ಅಕ್ಕನಿಗೆ ನೋಡುವ ಧೈರ್ಯ ಬರಲು ಒಂದೂವರೆ ವರ್ಷ ಹಿಡಿಯಿತು. ಅಷ್ಟರಲ್ಲಿ ಹಳೆಯ ಫೋನು ಕೆಟ್ಟು ಗುಜರಿಗೆ ಹೋಗಿತ್ತು. ಒಂದು ಭಾನುವಾರ ಬೆಳಿಗ್ಗೆ ಅವಳೇ ಬಂದಳು.

“ಇವತ್ಯಾಕೋ ಅವಳ ದನಿ ಕೇಳ್ಬೇಕು ಅನ್ನಿಸ್ತು ಕಣೋ. ಹಾಕ್ಕೊಡು.”

ಅವನು ತೆರೆದ. ‘ಈ ಚಾನೆಲನ್ನು ತೆಗೆದುಹಾಕಲಾಗಿದೆ’ ಎಂದು ಬಂತು. ಪರದೆಯನ್ನು ಅವಳಿಗೆ ಕಾಣದಂತೆ ತಿರುಗಿಸಿದ. ನೆಟ್ ಸರಿಯಿಲ್ಲ, ನಾಳೆ ತೋರಿಸುತ್ತೇನೆ ಎಂದು ಹೇಗೋ ಅಕ್ಕನನ್ನು ಸಾಗಹಾಕಿದ.

ಮರುದಿನ ಆಫೀಸಿನ ದಾಖಲೆ ಜಾಲಾಡಿದ. ಯಂತ್ರ ಮೂರು ವಿಡಿಯೊ ಹಿಡಿದಿತ್ತು. ಮೂರು ಸಲ ಸಿಕ್ಕಿಬಿದ್ದರೆ ಇಡೀ ಚಾನೆಲ್ಲೇ ಹೋಗುತ್ತದೆ. ಒಪ್ಪಿಗೆ ಕೊಟ್ಟವರು ಯಾರೆಂಬ ಜಾಗದಲ್ಲಿ ಮೂರು ಸಲವೂ ಅವನದೇ ಸಿಬ್ಬಂದಿ ನಂಬರು. ಆಕ್ಷೇಪವಿದ್ದರೆ ಮೂವತ್ತು ದಿನದೊಳಗೆ ತಿಳಿಸಿ ಎಂಬ ನೋಟಿಸೂ, ಚಾನೆಲ್ಲಿಗೆ ಕೊಟ್ಟಿದ್ದ ಆಫೀಸಿನ ವಿಳಾಸಕ್ಕೆ, ಅವನಿಗೇ ಬಂದಿತ್ತು. ತಾನು ತೆಗೆಸಿದವರಿಗೆಲ್ಲ ಹೋಗುವ ಅಂಥ ನೋಟಿಸಿನ ನಕಲುಗಳು ದಿನಾ ನೂರಾರು ಬರುತ್ತವೆಂದು, ಎಲ್ಲವೂ ನೇರ ಕಸದಬುಟ್ಟಿಗೆ ಹೋಗುವಂತೆ ಮಾಡಿಟ್ಟಿದ್ದವನೂ ಅವನೇ. ವಿಡಿಯೊ ತಾಣದವರಿಗೆ ಬರೆದು ಅಂಗಲಾಚಿದ. ಅಳಿಸಿಯಾಗಿದೆ, ಮರಳಿ ತರಲಾಗದು ಎಂದರು. ಪಾಯಿಖಾನೆಗೆ ಹೋಗಿ ನಲ್ಲಿ ಬಿಟ್ಟುಕೊಂಡು ಅತ್ತ.

ಯಂತ್ರದ ತಲೆಗೆ ಕಟ್ಟಬಹುದಿತ್ತು, ಅಕ್ಕ ನಂಬುತ್ತಿದ್ದಳು. ಆದರೆ ಆ ಮುಖ ನೋಡಿಕೊಂಡು ಸುಳ್ಳು ಹೇಳಲು ಅವನಿಗೆ ನಾಲಿಗೆ ಹೊರಳಲಿಲ್ಲ. ಸಂಜೆ ಅವಳ ಅಡುಗೆಮನೆಯಲ್ಲೇ ನಿಂತು ಎಲ್ಲ ಹೇಳಿದ.

ಅಕ್ಕ ಬೈಯಲಿಲ್ಲ. ಬೈದಿದ್ದರೆ ಅವನು ಬದುಕಿಕೊಳ್ಳುತ್ತಿದ್ದ. ಸ್ಟೂಲ್ ಎಳೆದುಕೊಂಡು ಕೂತು ಸುಮಾರು ಹೊತ್ತು ಸೆರಗಿನ ಅಂಚು ಮಡಿಸುತ್ತಿದ್ದಳು.

“ಹೋಗ್ಲಿ ಬಿಡು,” ಎಂದಳು ಕೊನೆಗೆ. “ತೆಗೆಯೋ ಮುಂಚೆ ನೀನಾದ್ರೂ ನೋಡಿರ್ತೀಯಲ್ಲ? ಕೊನೇಲಿ ಅವಳನ್ನ ನೋಡಿದೋನು ನೀನೇ. ಏನ್ ಮಾಡ್ತಿದ್ಲು? ಯಾವ ಫ್ರಾಕ್ ಹಾಕಿದ್ಲು? ಅದನ್ನೇ ಹೇಳೋ, ಕೇಳಿಸ್ಕೋತೀನಿ.”

“ನೋಡ್ಲಿಲ್ಲ ಅಕ್ಕಾ,” ಎಂದ. “ತೊಂಬತ್ತೆರಡು ಪರ್ಸೆಂಟ್ ಅಂತಿತ್ತು. ಒತ್ಬಿಟ್ಟೆ.”

ಮಗಳು ಹೋದ ದಿನವೂ ಅಕ್ಕ ಹಾಗೆ ಗೋಳೋ ಎಂದು ಅತ್ತಿರಲಿಲ್ಲ.