ಒಲೆಯಿಂದ ಕಾಲುವೆಗೆ ಮರಳುವ ಕಲ್ಲುಗಳು

ಶನಿವಾರದ ನಸುಕು. ಕುವೈತಿನ ಫೈಲಕಾ ದ್ವೀಪದ ದಂಡೆಯಲ್ಲಿ ಬೂದಿಯ ಮುಂದೆ ಕುಕ್ಕರುಗಾಲಲ್ಲಿ ಕೂತಿರುವ ಪುತ್ತಬ್ಬ, ಮಸಿ ಹಿಡಿದ ಕಲ್ಲೊಂದಕ್ಕೆ ಕೈಯ ಹಿಂಬದಿಯನ್ನು ಮುಟ್ಟಿಸುತ್ತಾರೆ. ಇನ್ನೂ ಬಿಸಿ. ಕಾಯುತ್ತಾರೆ.

ಕುವೈತ್ ನಗರದಿಂದ ವಾರದ ರಜೆಗೆ ಬಂದು ಡೇರೆ ಹಾಕಿದವರು ಬಿಟ್ಟುಹೋದ ಒಲೆ ಇದು. ಅದರ ಮೂರು ಕಲ್ಲುಗಳು ಪಕ್ಕದ ಪಾಳು ಕಾಲುವೆಯವು. ರೋಮನ್ನರ ಮೇಲ್ಗಾಲುವೆಗಳಂತೆ ಇದಕ್ಕೆ ಕಮಾನುಗಳಿಲ್ಲ. ಮೊಣಕಾಲೆತ್ತರದ ಎರಡು ಸಾಲು ಕಲ್ಲು, ನಡುವೆ ಮರಳು. ಪುತ್ತಬ್ಬ ಊರಿನ ಮಾತಿನಲ್ಲಿ ‘ತೋಡು’ ಎನ್ನುತ್ತಾರೆ. ಹಳೆಯ ಬಾವಿಯಿಂದ ಹೊರಟು ಎರಡು ಹಳ್ಳಿಗಳ ಅಂಚಿನಲ್ಲಿ ಅದು ಹಾಯುತ್ತದೆ. 1990ರ ಇರಾಕಿ ಆಕ್ರಮಣದಲ್ಲಿ ದ್ವೀಪ ಬಿಟ್ಟವರಲ್ಲಿ ಹೆಚ್ಚಿನವರು ಮರಳಲಿಲ್ಲ. ಮನೆಗಳಿಗೆ ಬಾಗಿಲಿಲ್ಲ, ಕಾಲುವೆಗೆ ನೀರಿಲ್ಲ. ಎರಡಕ್ಕೂ ಕಾವಲು ಪುತ್ತಬ್ಬರದೇ.

ಉಳ್ಳಾಲದ ಈ ಬ್ಯಾರಿ ಮೊದಲು ಕುವೈತ್ ನಗರದ ಬಳಿಯ ಫರ್ವಾನಿಯಾದಲ್ಲಿ ಬಾಡಿಗೆ ಮನೆಗಳ ಕಟ್ಟಡವೊಂದನ್ನು ಕಾಯುತ್ತಿದ್ದರು. ಬೆನ್ನುನೋವಿಗೆ ಮೆಟ್ಟಿಲು ಆಗದೆ ಒಂಬತ್ತು ವರ್ಷದ ಹಿಂದೆ ಇಲ್ಲಿಗೆ ಬಂದರು. ಬೇಸಿಗೆಯಲ್ಲಿ ಬಿಸಿಲು ಐವತ್ತು ಡಿಗ್ರಿ ಮುಟ್ಟುತ್ತದೆ. ಅವರ ಕುಡಿಯುವ ನೀರು ದೋಣಿಯಲ್ಲಿ ಬರುತ್ತದೆ.

“ಬಿಸಿ ಕಲ್ಲಿಗೆ ನೀರು ಹಾಕಬಾರದು, ಸೀಳಿ ಹೋಗ್ತದೆ,” ಎನ್ನುತ್ತಾರೆ ಪುತ್ತಬ್ಬ.

“ಅದು ಹೇಗೆ ಗೊತ್ತಾಯ್ತು, ಹೇಳಿ ಪುತ್ತಬ್ಬಾಕ,” ನೀರಿನ ಕ್ಯಾನ್ ಇಳಿಸುತ್ತಿರುವ ದೋಣಿಯ ಕಮಲಾಕ್ಷ ಕೆಣಕುತ್ತಾರೆ. “ಮೊದಲ ವರ್ಷ ಕಲ್ಲಿಗೆ ಸ್ನಾನ ಮಾಡಿಸಿದ ಜನ ಇವರು!”

“ಒಲೆಗೆ ನೀರು ಚಿಮುಕಿಸದೆ ಮಲಗಬಾರದು ಅಂತ ಉಮ್ಮ ಕಲಿಸಿದ್ದು ಮಾರಾಯ. ಉಮ್ಮನ ಒಲೆ ಮಣ್ಣಿನದ್ದು. ಇದು ಟಪ್ ಅಂತ ಎರಡು ಹೋಳು.”

ಈ ಚಳಿಗಾಲವೂ ಕಲ್ಲು ಕಿತ್ತುಹೋದರೆ ಉಳಿದದ್ದನ್ನು ಉಳಿಸಲು ಕಾಲುವೆಯನ್ನು ಪೂರ್ತಿ ಮರಳಿನಿಂದ ಮುಚ್ಚುವುದಾಗಿ ಮೇಲಧಿಕಾರಿಗಳು ಹೇಳಿದ್ದಾರೆ. ಪುತ್ತಬ್ಬ ಡೇರೆಯವರೊಂದಿಗೆ ಜಗಳಕ್ಕೆ ಹೋಗಲಿಲ್ಲ. ಪ್ರತಿ ಗುರುವಾರ, ಶುಕ್ರವಾರದ ರಜೆಗೆ ಜನ ಬರುವ ಮೊದಲೇ, ಕುಸಿದ ಮನೆಗಳಿಂದ ಉದುರಿದ ಸಿಮೆಂಟ್ ಇಟ್ಟಿಗೆಗಳನ್ನು ಕೈಗಾಡಿಯಲ್ಲಿ ತಂದು, ಗಾಳಿಗೆ ಮರೆಯಿರುವಲ್ಲಿ ಒಲೆ ಹೂಡಿ, ಸೌದೆಯನ್ನೂ ಇಟ್ಟಿರುತ್ತಾರೆ.

“ಬೈದರೆ ಎದುರಿಗೆ ‘ಖಲಾಸ್, ಖಲಾಸ್’, ಆಯ್ತು ಬಿಡಿ ಅಂತಾರೆ. ನಾನು ಆಚೆ ಹೋದ ಕೂಡಲೇ ಕಲ್ಲು ಎಳೀತಾರೆ. ರೆಡಿ ಒಲೆ ಕಂಡರೆ ಕಲ್ಲು ಹೊರುವ ಹುಚ್ಚು ಯಾರಿಗುಂಟು?”

ಈ ವಾರ ಬೂದಿಯೆಲ್ಲ ಇಟ್ಟಿಗೆಗಳ ನಡುವೆಯೇ ಬಿದ್ದಿದೆ, ಈ ಒಂದು ಒಲೆಯ ಹೊರತು.

ಕಲ್ಲು ತಣಿದಿದೆ. ಪುತ್ತಬ್ಬ ಮಸಿಯ ಮುಖವನ್ನು ಒಳಕ್ಕೆ ತಿರುಗಿಸಿ, ಮೂರನ್ನೂ ಅವು ಕಿತ್ತುಬಂದ ಗುಳಿಗಳಲ್ಲಿ ಕೂರಿಸಿ, ಸಂದಿಗೆ ಮರಳು ತುರುಕುತ್ತಾರೆ. ಮಾರ್ಚ್‌ನಲ್ಲಿ ಹೆಂಡತಿ ಆಚುಮ್ಮ ಮೊದಲ ಬಾರಿಗೆ ಕುವೈತಿಗೆ ಬರಲಿದ್ದಾರೆ. ಅಲ್ಲಿಯವರೆಗಾದರೂ ಕಾಲುವೆ ಮುಚ್ಚಬಾರದು ಎಂಬುದಷ್ಟೇ ಅವರ ಆಸೆ.

“ಗಂಡ ಅಲ್ಲಿ ಎಂತ ಕಾಯುವುದು ಅಂತ ಊರಲ್ಲಿ ಕೇಳಿದರೆ ‘ಕಲ್ಲು’ ಅಂತಾಳೆ. ಒಮ್ಮೆ ಬಂದು ನೋಡಲಿ. ಆಮೇಲೆ ‘ತೋಡು’ ಅನ್ನಲಿ.”